ಲಂಡನ್‌ನಲ್ಲಿ ನನ್ನ ತಮ್ಮನಿಗೆ ಸಿಕ್ಕ ಕೋಣೆ ಬೆಂಗಳೂರಿನಲ್ಲಿ ಯಾಕಿಲ್ಲ?

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ ನಿಮ್ಮ ಪತ್ರಿಕೆಯಲ್ಲಿ ಲಂಡನ್ ಪ್ರವಾಸದ ಖರ್ಚಿನ ಬಗ್ಗೆ ಬಂದ ಬರಹ ಓದಿದೆ. ಹೋಟೆಲ್ ಬಾಡಿಗೆಗೇ ಅರ್ಧ ದುಡ್ಡು ಹೋಗುತ್ತದೆ ಎಂದು ಅದರಲ್ಲಿ ಇತ್ತು. ನಿಜವೇ. ಆದರೆ ಒಂದು ವಿಷಯ ಬಿಟ್ಟುಹೋಗಿದೆ. ನಮ್ಮ ರಾಜ್ಯದಲ್ಲಿ ಸೇನೆಯಿಂದ ನಿವೃತ್ತರಾಗಿ ಬಂದವರು ಎಷ್ಟೊಂದು ಊರುಗಳಲ್ಲಿ ಇದ್ದಾರೆ. ಅವರಲ್ಲಿ ಅನೇಕರ ಮಕ್ಕಳು ಈಗ ಹೊರದೇಶದಲ್ಲಿ ಕೆಲಸದಲ್ಲಿದ್ದಾರೆ. ಮಕ್ಕಳನ್ನು ನೋಡಲು ಲಂಡನ್‌ಗೆ ಹೋಗುವ ಮಾಜಿ ಸೈನಿಕರಿಗೆ ಅಲ್ಲಿ ಹೋಟೆಲ್ ಅಲ್ಲದ, ಮರ್ಯಾದೆಯಿಂದ ಉಳಿಯಬಹುದಾದ ಜಾಗವಿದೆ. ಇದು ಅಧಿಕಾರಿಗಳಿಗೆ ಗೊತ್ತು. ಜವಾನರಿಗೆ, ಅಂದರೆ ಸಾಮಾನ್ಯ ಸಿಪಾಯಿಗಳಿಗೆ, ಗೊತ್ತಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಜಾಗ ಕೊಡಿ.

ನಾನು ಮಿಲಿಟರಿ ನರ್ಸಿಂಗ್ ಸರ್ವಿಸ್‌ನಲ್ಲಿ 28 ವರ್ಷ ಇದ್ದೆ. ಲೆಫ್ಟಿನೆಂಟ್ ಕರ್ನಲ್ ಆಗಿ ನಿವೃತ್ತಳಾದೆ. ನನ್ನ ತಮ್ಮ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿ, ಅಂದರೆ ಸೇನೆಗೆ ಸೇತುವೆ, ರಸ್ತೆ ಕಟ್ಟುವ, ಹಲಸೂರು ಕೆರೆ ಪಕ್ಕದ ನಮ್ಮ ಎಂಇಜಿಯಲ್ಲಿ ಸಿಪಾಯಿಯಾಗಿ ಸೇರಿ, 24 ವರ್ಷ ಸೇವೆ ಮಾಡಿ, ಹವಾಲ್ದಾರ್ ಆಗಿ ಮನೆಗೆ ಬಂದ. ಒಂದೇ ಮನೆ, ಒಂದೇ ಹಟ್ಟಿಯಲ್ಲಿ ಬೆಳೆದವರು. ನಮ್ಮ ಅಪ್ಪ ಕೂಡ ಅದೇ ಎಂಇಜಿಯವರು. ನನ್ನ ಹೆಗಲ ಮೇಲೆ ಸ್ಟಾರ್ ಇತ್ತು, ಅವನ ತೋಳಿನ ಮೇಲೆ ಪಟ್ಟಿ ಇತ್ತು. ಊರಲ್ಲಿ ಇದರಿಂದ ಯಾವ ವ್ಯತ್ಯಾಸವೂ ಆಗಲಿಲ್ಲ. ಊರು ಬಿಟ್ಟು ಹೊರಗೆ ಬಂದಾಗ ಮಾತ್ರ ಆಗುತ್ತಿತ್ತು.

ಒಂದು ಸಲದ್ದು ಹೇಳುತ್ತೇನೆ. 1998. ಅಮ್ಮನನ್ನು ಬೆಂಗಳೂರಿನಲ್ಲಿ ಆಸ್ಪತ್ರೆಗೆ ಸೇರಿಸಿದ್ದೆವು. ನಾನು ರಜೆ ಹಾಕಿ ಬಂದು ಒಂದು ಅಧಿಕಾರಿಗಳ ಕ್ಲಬ್ಬಿನಲ್ಲಿ ಕೋಣೆ ತೆಗೆದುಕೊಂಡಿದ್ದೆ. ಯಾವುದು ಎಂದು ಹೆಸರು ಬರೆಯುವುದಿಲ್ಲ, ಅದರ ಅಗತ್ಯವೂ ಇಲ್ಲ, ಯಾಕೆಂದರೆ ನಿಯಮ ಎಲ್ಲ ಕಡೆ ಹೆಚ್ಚುಕಮ್ಮಿ ಅದೇ. ತಮ್ಮ ಆಗ ನಾಯಕ್, ಹವಾಲ್ದಾರ್‌ಗಿಂತ ಒಂದು ಮೆಟ್ಟಿಲು ಕೆಳಗೆ. ಉತ್ತರದ ಗಡಿಯಿಂದ ಎರಡು ರಾತ್ರಿ ರೈಲಿನಲ್ಲಿ ಕೂತು, ಮೂರನೇ ರಾತ್ರಿ ಹನ್ನೊಂದು ಗಂಟೆಗೆ ಕಪ್ಪು ಟ್ರಂಕ್ ಹೊತ್ತುಕೊಂಡು ಗೇಟಿಗೆ ಬಂದ. ಗೇಟಿನಲ್ಲಿ ಕಾವಲಿಗಿದ್ದವನೂ ಒಬ್ಬ ಜವಾನನೇ. ಪಾಪ, ಅವನಿಗೆ ಹೇಳಲೂ ಆಗದು, ಬಿಡಲೂ ಆಗದು. ನಾನು ಕೆಳಗೆ ಬಂದು ಕೇಳಿದೆ, ಕೌಂಟರ್‌ನಲ್ಲಿದ್ದವರ ಜೊತೆ ಮಾತಾಡಿದೆ. ಹಗಲಲ್ಲಿ ಅತಿಥಿಯಾಗಿ ಬಂದು ಕೂರಬಹುದು, ರಾತ್ರಿ ಉಳಿಯುವ ಹಾಗಿಲ್ಲ, ಓಆರ್, ಅಂದರೆ ಅಧಿಕಾರಿಯಲ್ಲದ ಸೈನಿಕ, ಅಂದಮೇಲೆ ಮುಗಿಯಿತು ಎಂದರು. ಅವರು ಒರಟಾಗಿ ಏನೂ ಹೇಳಲಿಲ್ಲ. ಇದ್ದ ನಿಯಮ ಹೇಳಿದರು. ನಾನು ನನ್ನ ಕೋಣೆ ಬಿಟ್ಟು ಅವನ ಜೊತೆ ಹೊರಟೆ. 'ಬೇಡ ಅಕ್ಕ, ಬೆಳಿಗ್ಗೆ ನೀನು ಅಮ್ಮನ ಹತ್ರ ಇರಬೇಕು, ನಿದ್ದೆ ಮಾಡು' ಎಂದು ನನ್ನನ್ನು ಒಳಗೆ ಕಳಿಸಿದ. ಅವತ್ತು ಅವನು ಆಸ್ಪತ್ರೆಯ ವರಾಂಡದಲ್ಲಿ ಟ್ರಂಕಿಗೆ ತಲೆ ಕೊಟ್ಟು ಮಲಗಿದ. ಬೆಳಿಗ್ಗೆ ಅಮ್ಮ ಕಣ್ಣು ಬಿಟ್ಟ ತಕ್ಷಣ ಕೇಳಿದ್ದು ಒಂದೇ ಮಾತು, 'ರಾತ್ರಿ ಎಲ್ಲಿ ಮಲಗಿದ್ದೆ ಮಗ?' ಅವನು, 'ಅಕ್ಕನ ರೂಮಲ್ಲೇ ಅಮ್ಮ, ಒಳ್ಳೆ ಹಾಸಿಗೆ ಇತ್ತು' ಎಂದ. ನಾನು ಪಕ್ಕದಲ್ಲೇ ನಿಂತಿದ್ದೆ.

ಅದಾಗಿ ಎಷ್ಟೋ ವರ್ಷ ಆಯಿತು. ಅಮ್ಮ ಇಲ್ಲ ಈಗ. ಹೋದ ಸೆಪ್ಟೆಂಬರ್‌ನಲ್ಲಿ ನಾನೂ ತಮ್ಮನೂ ಲಂಡನ್‌ಗೆ ಹೋದೆವು. ಅವನ ಮಗಳು ಅಲ್ಲಿ ನರ್ಸ್. ಮೂರು ಜನ ಹುಡುಗಿಯರ ಜೊತೆ ಒಂದು ಮನೆ ಹಂಚಿಕೊಂಡಿದ್ದಾಳೆ, ಅವಳ ಪಾಲಿಗೆ ಇರುವುದು ಒಂದು ಸಣ್ಣ ಕೋಣೆ. 'ಅತ್ತೆ, ನೀವು ನನ್ನ ಹಾಸಿಗೆ ಮೇಲೆ ಮಲ್ಕೊಳ್ಳಿ, ಅಪ್ಪಂಗೆ ಕೆಳಗೆ ಹಾಸ್ತೀನಿ, ನಾನು ಹೆಂಗಾದ್ರೂ ನೈಟ್ ಡ್ಯೂಟಿ' ಎಂದಳು. ಒಂದು ದಿನ ಆದರೆ ಸರಿ, ಹದಿನೈದು ದಿನ ಹಾಗಿರಲು ಆಗುತ್ತದಾ? ನನ್ನ ಜೊತೆ ಕೆಲಸ ಮಾಡಿದವರೊಬ್ಬರು ಅಲ್ಲಿನ ಅಧಿಕಾರಿಗಳ ಕ್ಲಬ್ಬುಗಳ ಬಗ್ಗೆ ಹೇಳಿದರು. ಅದು ನಡೆಯುವುದು ಹೀಗೆ. ನಾವು ಇಲ್ಲಿ ಸದಸ್ಯರಾಗಿರುವ ಕ್ಲಬ್ಬಿಗೂ ಅಲ್ಲಿನ ಕ್ಲಬ್ಬಿಗೂ ಒಪ್ಪಂದ ಇದ್ದರೆ, ಇಲ್ಲಿನ ಕಾರ್ಯದರ್ಶಿಯಿಂದ ಒಂದು ಪರಿಚಯ ಪತ್ರ ತೆಗೆದುಕೊಂಡು ಹೋಗಬೇಕು. ಆ ಪತ್ರ ತೋರಿಸಿದರೆ ಕೆಲವು ದಿನ ಅಲ್ಲಿನ ಸದಸ್ಯರ ಹಾಗೆ ಉಳಿಯಬಹುದು. ಹೋಟೆಲ್‌ಗಿಂತ ಅಗ್ಗ, ಜಾಗವೂ ಊರಿನ ನಡುವೆ.

ತಮ್ಮ ಕೇಳಿದ ಕೂಡಲೇ, 'ಅಕ್ಕ, ನೀನು ಅಲ್ಲಿರು, ನಾನು ಮಗಳ ಹತ್ರ ನೆಲದ ಮೇಲೆ ಮಲಗ್ತೀನಿ' ಎಂದ. ಆ ವರಾಂಡದ ರಾತ್ರಿ ಅವನಿಗೆ ನೆನಪಿತ್ತೋ ಇಲ್ಲವೋ, ನನಗಂತೂ ನೆನಪಿತ್ತು. ಈ ಸಲ ಹಾಗಾಗಬಾರದು ಎಂದು ಹುಡುಕಿದೆ. ಆಗ ಸಿಕ್ಕಿದ್ದು ವಿಕ್ಟರಿ ಸರ್ವಿಸಸ್ ಕ್ಲಬ್.

ಇದು ಮಾರ್ಬಲ್ ಆರ್ಚ್ ಹತ್ತಿರ, ಸೀಮೋರ್ ಸ್ಟ್ರೀಟ್‌ನಲ್ಲಿದೆ. ಮೆಟ್ರೋ ಸ್ಟೇಷನ್ನಿಂದ ಐದು ನಿಮಿಷದ ನಡಿಗೆ, ರಸ್ತೆ ದಾಟಿದರೆ ಹೈಡ್ ಪಾರ್ಕ್. 1907ರಲ್ಲಿ ಮೇಜರ್ ಆರ್ಥರ್ ಹ್ಯಾಗಾರ್ಡ್ ಎನ್ನುವವರು ಮಾಜಿ ಸೈನಿಕರಿಗಾಗಿ ವೆಟರನ್ಸ್ ಕ್ಲಬ್ ಎಂದು ಶುರು ಮಾಡಿದ್ದು ಮುಂದೆ ಈ ಹೆಸರು ಪಡೆಯಿತು. 1948ರಿಂದ ಈ ಕಟ್ಟಡದಲ್ಲಿದೆ. ಇಲ್ಲಿನ ವಿಶೇಷ ಏನೆಂದರೆ ಸಿಪಾಯಿಯಿಂದ ಜನರಲ್‌ವರೆಗೆ ಯಾವ ರ‍್ಯಾಂಕ್‌ನವರಾದರೂ ಸದಸ್ಯರಾಗಬಹುದು. ಬ್ರಿಟನ್ನಿನ ಸೇನೆಯವರಿಗೆ ಮಾತ್ರ ಅಲ್ಲ, ಕಾಮನ್‌ವೆಲ್ತ್ ದೇಶಗಳ ಸೇನೆಯಲ್ಲಿ ಇದ್ದವರಿಗೂ ಅವಕಾಶ ಇದೆ. ಅಂದರೆ ನಮಗೂ ಇದೆ. ನಾನು ಅರ್ಜಿ ಹಾಕಿದೆ. ತಮ್ಮನೂ ಬೇರೆ ಅರ್ಜಿ ಹಾಕಿದ, ನನ್ನ ಅತಿಥಿಯಾಗಿ ಅಲ್ಲ. ಅವನ ಡಿಸ್ಚಾರ್ಜ್ ಬುಕ್ಕು ಮತ್ತು ಮಾಜಿ ಸೈನಿಕರ ಗುರುತಿನ ಚೀಟಿಯನ್ನು ಸ್ಕ್ಯಾನ್ ಮಾಡಿ ಕಳಿಸಿದೆವು. ವೀಸಾ ಅರ್ಜಿಯಲ್ಲಿ ಎಲ್ಲಿ ಉಳಿಯುತ್ತೀರಿ ಎಂದು ಕೇಳುತ್ತಾರಲ್ಲ, ಅಲ್ಲಿಗೂ ಈ ಬುಕಿಂಗ್ ಪತ್ರವೇ ಸಾಕಾಯಿತು.

ಹೋಗಿ ಇಳಿದ ದಿನದ ಸಂಗತಿ. ಕೌಂಟರ್‌ನಲ್ಲಿದ್ದ ಹುಡುಗಿ ನಮ್ಮಿಬ್ಬರ ಪಾಸ್‌ಪೋರ್ಟ್ ನೋಡಿದಳು, ಎರಡು ಕೀಲಿ ಕಾರ್ಡ್ ಕೊಟ್ಟಳು. ಎರಡೂ ಒಂದೇ ಥರ, ಒಂದೇ ಮಹಡಿ, ಎದುರು ಬದುರು ಕೋಣೆ. ತಮ್ಮ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದ. ಲಿಫ್ಟಿನಲ್ಲಿ, 'ಅಕ್ಕ, ನಿಂದು ನಂದು ಅದಲು ಬದಲು ಆಗಿಲ್ಲ ತಾನೆ?' ಎಂದ. ಆಗಿರಲಿಲ್ಲ. ಕೋಣೆ ಚಿಕ್ಕದು. ಒಂದು ಮಂಚ, ಒಂದು ಮೇಜು, ಕುರ್ಚಿ, ನೀರು ಕಾಯಿಸಲು ಕೆಟಲ್, ಬಿಳಿ ಟವೆಲ್ ಮಡಚಿಟ್ಟಿದ್ದರು. ಇಷ್ಟೇ. ಆದರೆ ಅವನು ಹಾಸಿಗೆ ಮೇಲೆ ಕೂರದೆ ಸ್ವಲ್ಪ ಹೊತ್ತು ನಿಂತೇ ಇದ್ದ. ಆಮೇಲೆ ಶೂ ಬಿಚ್ಚಿ ಗೋಡೆ ಪಕ್ಕಕ್ಕೆ ಸಾಲಾಗಿ, ಬ್ಯಾರಕ್‌ನಲ್ಲಿ ಇಡುತ್ತಿದ್ದ ಹಾಗೆ ಇಟ್ಟ.

ಮಾರನೇ ದಿನ ಬೆಳಿಗ್ಗೆ ತಿಂಡಿಗೆ ಹೋದೆವು. ಬ್ರೆಡ್ಡು, ಮೊಟ್ಟೆ, ಟೊಮೆಟೊ ರಸದಲ್ಲಿ ಬೇಯಿಸಿದ ಕಾಳು. ತಮ್ಮ ಜೇಬಿನಿಂದ ಚಟ್ನಿಪುಡಿ ಪೊಟ್ಟಣ ತೆಗೆದ. ಪಕ್ಕದ ಮೇಜಿನಲ್ಲಿ ಎಂಬತ್ತರ ಮೇಲಿನ ಒಬ್ಬ ಬ್ರಿಟಿಷ್ ಅಜ್ಜ ಕೂತಿದ್ದರು. ತಮ್ಮನ ಕೋಟಿನ ಮೇಲೆ ಎಂಇಜಿ ಬಿಲ್ಲೆ ನೋಡಿ, ನೀವು ಸ್ಯಾಪರ್ರಾ, ಅಂದರೆ ಎಂಜಿನಿಯರ್ ಪಡೆಯ ಸೈನಿಕರಾ, ಎಂದು ಕೇಳಿದರು. ಅವರೂ ರಾಯಲ್ ಎಂಜಿನಿಯರ್ಸ್‌ನಲ್ಲಿ ಕಾರ್ಪೊರಲ್ ಆಗಿದ್ದವರಂತೆ. ನನ್ನ ತಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ಬೇಯ್ಲಿ ಸೇತುವೆಯ ಇಂಗ್ಲಿಷ್ ಅವನಿಗೆ ಪೂರ್ತಿ ಬರುತ್ತದೆ. ಪ್ಯಾನೆಲ್, ಪಿನ್, ಟ್ರಾನ್ಸಮ್, ಲಾಂಚಿಂಗ್ ನೋಸ್. ಎರಡನೇ ಮಹಾಯುದ್ಧದಲ್ಲಿ ಡೊನಾಲ್ಡ್ ಬೇಯ್ಲಿ ಎನ್ನುವ ಇಂಗ್ಲಿಷ್ ಎಂಜಿನಿಯರ್ ಮಾಡಿಕೊಟ್ಟ ಸೇತುವೆ ಅದು. ಬಿಡಿ ಬಿಡಿ ಕಬ್ಬಿಣದ ಚೌಕಟ್ಟು ತಂದು, ಕ್ರೇನ್ ಇಲ್ಲದೆ, ಆಳುಗಳೇ ಎತ್ತಿ, ಪಿನ್ ಹೊಡೆದು, ಈ ದಡದಿಂದ ಆ ದಡಕ್ಕೆ ತಳ್ಳುವುದು. ಒಂದು ಪ್ಯಾನೆಲ್ ಎತ್ತಲು ಆರು ಜನ ಬೇಕು. ನಮ್ಮಲ್ಲಿ ಮಳೆಗೆ ಸೇತುವೆ ಕೊಚ್ಚಿಹೋದಾಗ, ಗುಡ್ಡ ಕುಸಿದಾಗ ಸೇನೆಯವರು ಬಂದು ಹಾಕುತ್ತಾರಲ್ಲ, ಅದೇ.

ಅವರಿಬ್ಬರೂ ಸಕ್ಕರೆ ಪೊಟ್ಟಣ, ಚಮಚ ಜೋಡಿಸಿಕೊಂಡು ಮೇಜಿನ ಮೇಲೆ ಸೇತುವೆ ಕಟ್ಟಿದರು. ಅಜ್ಜ ಬಲಗೈ ಹೆಬ್ಬೆರಳು ತೋರಿಸಿದರು, ತುದಿ ಚಪ್ಪಟೆಯಾಗಿತ್ತು. ಪಿನ್ ಹೊಡೆಯುವಾಗ ಸಿಕ್ಕಿಹಾಕಿಕೊಂಡಿದ್ದಂತೆ. ತಮ್ಮ ಏನೂ ಮಾತಾಡದೆ ಎಡಗೈ ತೋರುಬೆರಳು ತೋರಿಸಿದ. ಅದೂ ಹಾಗೇ. ಅಷ್ಟರಲ್ಲಿ ಇನ್ನೊಬ್ಬರು ಕಾಫಿ ಕಪ್ ಹಿಡಿದುಕೊಂಡು ಬಂದು ಕೂತು ಕೇಳುತ್ತಿದ್ದರು. ಅಜ್ಜ ಪರಿಚಯ ಮಾಡಿಸಿದರು, ಅವರು ನಿವೃತ್ತ ಬ್ರಿಗೇಡಿಯರ್ ಅಂತೆ. ಬ್ರಿಗೇಡಿಯರ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ತಮ್ಮ ಕುರ್ಚಿ ಹಿಂದಕ್ಕೆ ತಳ್ಳಿ ಸಾವಧಾನ್‌ನಲ್ಲಿ ಎದ್ದು ನಿಂತ. ಆ ಬ್ರಿಗೇಡಿಯರ್ ತಾವೂ ಎದ್ದು ನಿಂತು, ಅವನ ಕೈ ಕುಲುಕಿ, ಇಲ್ಲಿ ನಾವೆಲ್ಲ ಮೆಂಬರ್‌ಗಳು, ಕೂತ್ಕೊಳ್ಳಿ, ಆ ಸೇತುವೆ ಮುಗಿಸಿ ಎಂದರು. ಮೂರು ಜನ ಸೇರಿ ಮುಗಿಸಿದರು.

ಅಧಿಕಾರಿಗಳ ಕ್ಲಬ್ಬುಗಳನ್ನು ನೋಡಲಿಲ್ಲ ಎಂದಲ್ಲ. ನನ್ನ ಸ್ನೇಹಿತೆಯ ಪರಿಚಯದವರೊಬ್ಬರು ಪಿಕಾಡಿಲಿಯ ಆರ್‌ಎಎಫ್ ಕ್ಲಬ್ಬಿಗೆ ಚಹಾಕ್ಕೆ ಕರೆದಿದ್ದರು. ಬ್ರಿಟಿಷ್ ವಾಯುಪಡೆಯ ಅಧಿಕಾರಿಗಳಿಗಾಗಿ 1918ರಲ್ಲಿ ಹುಟ್ಟಿ, 1922ರಲ್ಲಿ ಗ್ರೀನ್ ಪಾರ್ಕ್ ಎದುರಿನ ಈ ಮನೆಗೆ ಬಂದ ಕ್ಲಬ್ ಅದು. ಒಳಗಿನ ಒಂದು ಓಣಿಯ ಗೋಡೆ ತುಂಬ ಸ್ಕ್ವಾಡ್ರನ್‌ಗಳ ಲಾಂಛನ. ಪಕ್ಕದ ಬಾಗಿಲೇ ಕ್ಯಾವಲ್ರಿ ಅಂಡ್ ಗಾರ್ಡ್ಸ್ ಕ್ಲಬ್. ಅಲ್ಲಿಂದ ಸ್ವಲ್ಪ ದೂರ ಹೋದರೆ ಪಾಲ್ ಮಾಲ್‌ನಲ್ಲಿ 1837ರ ಆರ್ಮಿ ಅಂಡ್ ನೇವಿ ಕ್ಲಬ್, ಸೇಂಟ್ ಜೇಮ್ಸ್ ಸ್ಕ್ವೇರ್‌ನಲ್ಲಿ 1862ರ ನೇವಲ್ ಅಂಡ್ ಮಿಲಿಟರಿ ಕ್ಲಬ್. ಇದಕ್ಕೆ ಎಲ್ಲರೂ 'ಇನ್ ಅಂಡ್ ಔಟ್' ಎನ್ನುತ್ತಾರೆ, ಹಳೇ ಕಟ್ಟಡದ ಗೇಟಿನ ಕಂಬಗಳ ಮೇಲೆ ಒಳಗೆ, ಹೊರಗೆ ಎಂದು ಬರೆದಿತ್ತಂತೆ, ಅದೇ ಹೆಸರಾಯಿತು. ಎಲ್ಲ ಚೆನ್ನಾಗಿವೆ. ಚಹಾಕ್ಕೆ ಕರೆದವರು ತಮ್ಮನನ್ನೂ ಬಹಳ ಪ್ರೀತಿಯಿಂದ ಮಾತಾಡಿಸಿದರು. ಅವನು ರೆಜಿಮೆಂಟಿನ ಬ್ಲೇಜರ್ ಹಾಕಿಕೊಂಡು ಬಂದಿದ್ದ. ಆದರೆ ಕುರ್ಚಿಯ ತುದಿಯಲ್ಲಿ ಕೂತಿದ್ದ. ಇನ್ನೊಬ್ಬರ ಅತಿಥಿಯಾಗಿ ಒಳಗೆ ಬರುವುದು ಬೇರೆ, ನನ್ನ ಜಾಗ ಎಂದು ಬರುವುದು ಬೇರೆ, ಅಲ್ವಾ? ಸೀಮೋರ್ ಸ್ಟ್ರೀಟಿಗೆ ವಾಪಸ್ ಬಂದಮೇಲೆ ಅವನು ಕುರ್ಚಿಯಲ್ಲಿ ಬೆನ್ನು ಆನಿಸಿ ಕೂತ.

ಪಿಕಾಡಿಲಿಯಿಂದ ಬರುವಾಗ ಹೈಡ್ ಪಾರ್ಕ್ ಕಾರ್ನರ್‌ನಲ್ಲಿ ನಿಂತೆವು. ಅಲ್ಲಿ ಕಾನ್‌ಸ್ಟಿಟ್ಯೂಷನ್ ಹಿಲ್ ರಸ್ತೆ ಶುರುವಾಗುವ ಕಡೆ ನಾಲ್ಕು ಕಲ್ಲಿನ ಕಂಬಗಳಿವೆ, ಮೆಮೋರಿಯಲ್ ಗೇಟ್ಸ್ ಎನ್ನುತ್ತಾರೆ. ಎರಡು ಮಹಾಯುದ್ಧಗಳಲ್ಲಿ ಹೋರಾಡಿದ ಭಾರತ ಉಪಖಂಡ, ಆಫ್ರಿಕಾ, ಕೆರಿಬಿಯನ್ ದ್ವೀಪಗಳ 50 ಲಕ್ಷ ಜನರ ನೆನಪಿಗೆ 2002ರಲ್ಲಿ ಎಲಿಜಬೆತ್ ರಾಣಿ ಉದ್ಘಾಟನೆ ಮಾಡಿದ್ದು. ಪಕ್ಕದಲ್ಲೇ ಒಂದು ಸಣ್ಣ ಛತ್ರಿ ಮಂಟಪ. ಅದರ ಒಳಛಾವಣಿಯಲ್ಲಿ ವಿಕ್ಟೋರಿಯಾ ಕ್ರಾಸ್, ಜಾರ್ಜ್ ಕ್ರಾಸ್ ಎಂಬ ಶೌರ್ಯ ಪದಕ ಪಡೆದವರ ಹೆಸರು ಕೊರೆದಿದ್ದಾರೆ. ತಮ್ಮ ಕತ್ತು ಎತ್ತಿ ಒಂದೊಂದೇ ಹೆಸರು ಓದುತ್ತಾ ಹೋದ. ಅವನು ಹುಡುಕುತ್ತಿದ್ದದ್ದು ಸುಬೇದಾರ್ ಸುಬ್ರಮಣ್ಯನ್ ಅವರ ಹೆಸರು. ಮದ್ರಾಸ್ ಸ್ಯಾಪರ್ಸ್‌ನವರು, ಅಂದರೆ ನಮ್ಮ ಎಂಇಜಿಯವರೇ. 1944ರ ಫೆಬ್ರವರಿಯಲ್ಲಿ ಇಟಲಿಯಲ್ಲಿ ನೆಲಬಾಂಬ್ ಸಿಡಿಯುವ ಹೊತ್ತಿಗೆ, ಜೊತೆಯವರು ಉಳಿಯಲಿ ಎಂದು ಅದರ ಮೇಲೆ ತಾವೇ ಬಿದ್ದರು. ಎಂಇಜಿಯಲ್ಲಿ ಸೇರಿದ ಹುಡುಗರಿಗೆ ಈ ಕಥೆ ಗೊತ್ತಿರುತ್ತದೆ, ನಮಗೆ ಅಪ್ಪ ಹೇಳುತ್ತಿದ್ದರು. ಅಷ್ಟು ದೂರದ ಊರಿನಲ್ಲಿ, ಅರಮನೆಗೆ ಹೋಗುವ ರಸ್ತೆಯ ಬದಿಗೆ, ನಮ್ಮ ಕಡೆಯವರನ್ನು ಹೀಗೆ ನೆನಪಿಟ್ಟಿದ್ದಾರೆ. ತಮ್ಮ ಅಲ್ಲಿ ಸೆಲ್ಯೂಟ್ ಹೊಡೆದ. ದಾರಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು.

ಇನ್ನೊಂದು ದಿನ ನದಿ ಆ ಕಡೆ ಹೋದೆವು, ವಾಟರ್ಲೂ ಸ್ಟೇಷನ್ ಕಡೆ. ನಾನು ನರ್ಸ್ ಆದ್ದರಿಂದ ಇದನ್ನು ಹೇಳದೆ ಇರಲಾರೆ. ಸ್ಟೇಷನ್ ಎದುರಿಗೇ ಯೂನಿಯನ್ ಜ್ಯಾಕ್ ಕ್ಲಬ್ ಇದೆ. ಇದು ಅಧಿಕಾರಿಗಳದ್ದಲ್ಲ, ಜವಾನರದ್ದು. ಇದನ್ನು ಕಟ್ಟಿಸಲು ಓಡಾಡಿದವರು ಎಥೆಲ್ ಮೆಕಾಲ್ ಎಂಬ ನರ್ಸ್. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಗಾಯಾಳುಗಳ ಸೇವೆ ಮಾಡಿ ಬಂದವರು. ಲಂಡನ್ ಮೇಲೆ ಹಾದುಹೋಗುವ ಸಿಪಾಯಿಗಳಿಗೆ, ನಾವಿಕರಿಗೆ ಒಂದು ರಾತ್ರಿ ಮರ್ಯಾದೆಯಿಂದ ಮಲಗಲು ಜಾಗ ಇರಲಿಲ್ಲ. ಅಧಿಕಾರಿಗಳಿಗೆ ಪಾಲ್ ಮಾಲ್ ಉದ್ದಕ್ಕೂ ಕ್ಲಬ್ಬುಗಳು, ಇವರಿಗೆ ಸ್ಟೇಷನ್ ಸುತ್ತಲಿನ ಕೆಟ್ಟ ವಸತಿಗಳು. ಆಕೆ ಇದನ್ನು ದೊಡ್ಡವರ ಮುಂದೆ ಹೋಗಿ ಹೇಳಿದರು. ಜನರಿಂದ ಚಂದಾ ಎತ್ತಿದರು. ಒಂದೊಂದು ಕೋಣೆಗೆ ಇಷ್ಟು ಎಂದು ಹಣ ಕೊಟ್ಟವರಿಗೆ ಆ ಕೋಣೆಗೆ ತಮಗೆ ಬೇಕಾದ ಹೆಸರಿಡುವ ಅವಕಾಶ ಮಾಡಿಕೊಟ್ಟರು. 1907ರಲ್ಲಿ ಏಳನೇ ಎಡ್ವರ್ಡ್ ದೊರೆಯೇ ಬಂದು ಬಾಗಿಲು ತೆರೆದ. ಈಗಿರುವುದು 1970ರ ದಶಕದ ಹೊಸ ಕಟ್ಟಡ. ಒಬ್ಬ ನರ್ಸ್ ಹಟ ಹಿಡಿದದ್ದರಿಂದ ಇದೆಲ್ಲ ಆಯಿತು. ನಾವು ಕಾಯಿಲೆ ನೋಡಿಕೊಳ್ಳುತ್ತೇವೆ, ಗಾಯ ಕಟ್ಟುತ್ತೇವೆ, ಆದರೆ ರೋಗಿಯ ಮನೆಯವರು ರಾತ್ರಿ ಎಲ್ಲಿ ಮಲಗುತ್ತಾರೆ ಎಂದು ಕೇಳುವುದು ಕೂಡ ನಮ್ಮ ಕೆಲಸದ್ದೇ ಒಂದು ಭಾಗ ಎಂದು ನಾನು ಯಾವತ್ತೂ ನಂಬಿದ್ದೇನೆ.

ಅಲ್ಲಿಂದ ನದಿ ದಂಡೆ ಹಿಡಿದು ನಡೆದರೆ ಸೇಂಟ್ ಥಾಮಸ್ ಆಸ್ಪತ್ರೆ. ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ನರ್ಸಿಂಗ್ ಶಾಲೆ ಶುರು ಮಾಡಿದ್ದು ಇದೇ ಆಸ್ಪತ್ರೆಯ ಜೊತೆ. ಅದರ ಪಕ್ಕದ ಉದ್ದನೆಯ ಗೋಡೆ ತುಂಬ ಕೋವಿಡ್‌ನಲ್ಲಿ ತೀರಿಕೊಂಡವರಿಗಾಗಿ ಕೈಯಿಂದ ಬರೆದ ಕೆಂಪು ಹೃದಯಗಳು. ತಮ್ಮನ ಮಗಳು ಅಲ್ಲಿ ಮಾತಾಡಲಿಲ್ಲ, ಕೋವಿಡ್ ಹೊತ್ತಿನಲ್ಲಿ ಅವಳು ವಾರ್ಡಿನಲ್ಲಿದ್ದವಳು. ಇನ್ನೂ ಮುಂದೆ ಹೋದರೆ ಲ್ಯಾಂಬೆತ್‌ನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ನಮ್ಮ ಬಸವಣ್ಣನವರ ಪ್ರತಿಮೆ, 2015ರ ನವೆಂಬರ್‌ನಲ್ಲಿ ಪ್ರಧಾನಿ ಮೋದಿಯವರು ಅನಾವರಣ ಮಾಡಿದ್ದು. ತಮ್ಮ ಶೂ ಬಿಚ್ಚಿ ಸಾಕ್ಸಿನಲ್ಲೇ ಹೋಗಿ ಕೈಮುಗಿದ. ನೆಲ ತಣ್ಣಗೆ ಕೊರೆಯುತ್ತಿತ್ತು.

ಈಗ ನಾನು ಹೇಳಬೇಕಾದ ಮಾತಿಗೆ ಬರುತ್ತೇನೆ.

ಸೇನೆಯಲ್ಲಿ ರ‍್ಯಾಂಕ್ ಬೇಡ ಎಂದು ನಾನು ಹೇಳುತ್ತಿಲ್ಲ. ಹೇಳಲಾರೆ ಕೂಡ. ಯುನಿಟ್‌ನಲ್ಲಿ ಅಧಿಕಾರಿಗಳ ಮೆಸ್ ಬೇರೆ, ಜೆಸಿಒ, ಅಂದರೆ ಸುಬೇದಾರ್ ದರ್ಜೆಯವರ, ಮೆಸ್ ಬೇರೆ, ಜವಾನರ ಊಟದ ಮನೆಯಾದ ಲಂಗರ್ ಬೇರೆ ಇರುವುದಕ್ಕೆ ಕಾರಣ ಇದೆ. ನಾಳೆ ಬೆಳಿಗ್ಗೆ ಯಾರನ್ನು ಎಲ್ಲಿಗೆ ಕಳಿಸಬೇಕು ಎಂದು ಆಜ್ಞೆ ಕೊಡುವವನು ರಾತ್ರಿ ಅವನ ಪಕ್ಕದಲ್ಲೇ ಕೂತು ಉಂಡರೆ ಇಬ್ಬರಿಗೂ ಕಷ್ಟ. ಅದು ನನಗೆ ಅರ್ಥ ಆಗುತ್ತದೆ. ಆದರೆ ನಿವೃತ್ತಿ ಆದಮೇಲೆ? ಕೂದಲು ಬೆಳ್ಳಗಾಗಿ, ಹೆಂಡತಿಯ ಸಕ್ಕರೆ ಕಾಯಿಲೆಗೋ ತನ್ನ ಎದೆ ನೋವಿಗೋ ಬೆಂಗಳೂರಿಗೆ ಬಂದ ಹವಾಲ್ದಾರನಿಗೆ ಯಾರು ಆಜ್ಞೆ ಕೊಡಬೇಕು, ಅವನು ಯಾರಿಗೆ ಕೊಡಬೇಕು?

ಇನ್ನೊಂದು ವಿಷಯ. ಬ್ರಿಟಿಷರ ಕಾಲದಲ್ಲಿ ಎಷ್ಟೋ ಕ್ಲಬ್ಬುಗಳು ಭಾರತೀಯ ಅಧಿಕಾರಿಗಳನ್ನೇ ಒಳಗೆ ಬಿಡುತ್ತಿರಲಿಲ್ಲ. ನಮ್ಮ ಕೊಡಗಿನ ಕಾರ್ಯಪ್ಪನವರು, ತಿಮ್ಮಯ್ಯನವರು ಸೇನೆ ಸೇರಿದ ಕಾಲ ಅದು. ಒಂದೇ ಸಮವಸ್ತ್ರ, ಒಂದೇ ಯುದ್ಧ, ಆದರೆ ಸಂಜೆ ಕ್ಲಬ್ಬಿನ ಬಾಗಿಲು ಬಿಳಿಯರಿಗೆ ಮಾತ್ರ. ಅದು ಎಷ್ಟು ನೋಯುತ್ತದೆ ಎಂದು ನಮ್ಮ ಅಧಿಕಾರಿಗಳಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಅದಕ್ಕೇ ನನಗೆ ಜಾಸ್ತಿ ಬೇಸರ. ಆ ಬಾಗಿಲು ತೆರೆಯಿತು, ನಾವು ಒಳಗೆ ಹೋದೆವು, ನಮ್ಮ ಹಿಂದೆ ಬರುತ್ತಿದ್ದ ನಮ್ಮದೇ ತಮ್ಮಂದಿರಿಗೆ ಅದು ಮತ್ತೆ ಮುಚ್ಚಿಕೊಂಡಿತು.

ಏನೂ ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಸೈನಿಕ ಕಲ್ಯಾಣ ಇಲಾಖೆಯ ವಿಶ್ರಾಂತಿ ಗೃಹಗಳಿವೆ, ಅಲ್ಲಿ ಕೆಲಸ ಮಾಡುವ ಒಳ್ಳೆಯವರೂ ನನಗೆ ಗೊತ್ತು. ಆದರೆ ಬೆಂಗಳೂರಿಗೆ ಬರುವ ಜನಕ್ಕೆ ಅದು ಸಾಲುವುದಿಲ್ಲ. 2003ರಲ್ಲಿ ಇಸಿಎಚ್‌ಎಸ್ ಆರೋಗ್ಯ ಯೋಜನೆ ಬಂದಮೇಲೆ ಮಾಜಿ ಸೈನಿಕರಿಗೆ ದೊಡ್ಡ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಸಿಗುತ್ತದೆ, ಇದು ಬಹಳ ಒಳ್ಳೆಯದಾಯಿತು. ಪಾಲಿಕ್ಲಿನಿಕ್‌ನಲ್ಲಿ ರೆಫರಲ್ ಬರೆಸಿಕೊಂಡು ಜಿಲ್ಲೆಗಳಿಂದ ಬೆಂಗಳೂರಿಗೆ ಬರುತ್ತಾರೆ. ರೋಗಿಗೆ ಆಸ್ಪತ್ರೆಯಲ್ಲಿ ಮಂಚ ಸಿಗುತ್ತದೆ. ಜೊತೆಗೆ ಬಂದ ಹೆಂಡತಿಗೆ? ಇವತ್ತು ಸ್ಕ್ಯಾನ್, ನಾಡಿದ್ದು ಡಾಕ್ಟರ್ ಎಂದಾಗ ನಡುವಿನ ದಿನಕ್ಕೆ? ಆಸ್ಪತ್ರೆ ಸುತ್ತಮುತ್ತ ಲಾಡ್ಜ್ ಬಾಡಿಗೆ ಪಿಂಚಣಿದಾರನ ಕೈಗೆ ಎಟುಕುವುದಿಲ್ಲ. ನೆಂಟರ ಮನೆ ಹುಡುಕಿಕೊಂಡು ಊರ ಆ ತುದಿಗೆ ಹೋಗಬೇಕು. ನಾನು ಕೆಲಸದಲ್ಲಿದ್ದಷ್ಟು ಕಾಲ ಎಷ್ಟು ಹೆಂಗಸರನ್ನು ನೋಡಿದ್ದೇನೆ, ಗಂಡನ ಮಂಚದ ಕೆಳಗೆ ಟವೆಲ್ ಹಾಸಿಕೊಂಡು, ರೌಂಡ್ಸ್ ಬರುವ ಮುಂಚೆ ಗಡಿಬಿಡಿಯಲ್ಲಿ ಎದ್ದು, ಮುಖ ತೊಳೆದು, ಏನೂ ಆಗದವರ ಹಾಗೆ ನಿಂತಿರುತ್ತಿದ್ದರು.

ಬೆಂಗಳೂರಿನಲ್ಲಿ, ಆಮೇಲೆ ಮೈಸೂರು, ಬೆಳಗಾವಿಯಲ್ಲಿ, ಎಲ್ಲ ರ‍್ಯಾಂಕ್‌ಗಳಿಗೂ ಸೇರಿ ಒಂದು ವಸತಿ ಕ್ಲಬ್ ಮಾಡಿ ಎಂದು ನಾನು ಕೇಳುತ್ತಿದ್ದೇನೆ. ಪುಕ್ಕಟೆ ಬೇಡ. ಜವಾನ ಧರ್ಮಕ್ಕೆ ಕೇಳುವವನಲ್ಲ. ವರ್ಷಕ್ಕೆ ಇಷ್ಟು ಚಂದಾ, ರಾತ್ರಿಗೆ ಇಷ್ಟು ಬಾಡಿಗೆ ಎಂದು ಇಡಿ, ಕೊಡುತ್ತೇವೆ. ಸಣ್ಣ ಕೋಣೆ ಸಾಕು. ಒಂದು ಮಂಚ, ಮೇಜು, ಬಿಸಿನೀರು, ಕೆಳಗೆ ಅನ್ನ ಸಾರು ಮುದ್ದೆ ಸಿಗುವ ಒಂದು ಊಟದ ಮನೆ. ಸರಕಾರ ಜಾಗ ಕೊಡಲಿ. ಕಟ್ಟಡಕ್ಕೆ ಎಥೆಲ್ ಮೆಕಾಲ್ ಮಾಡಿದ ಹಾಗೆ ನಾವೇ ಚಂದಾ ಎತ್ತೋಣ. ಕೊಡಗಿನ ಮಾಜಿ ಸೈನಿಕರ ಸಂಘದವರು ಒಂದು ಕೋಣೆ, ಬೆಳಗಾವಿಯವರು ಒಂದು, ಹಾಸನದವರು ಒಂದು, ಬಿಜಾಪುರದವರು ಒಂದು. ಕೋಣೆಗೆ ಊರಿನಲ್ಲಿ ಹುತಾತ್ಮನಾದ ಹುಡುಗನ ಹೆಸರಿಡಲಿ. ನಿವೃತ್ತ ಅಧಿಕಾರಿಗಳೂ ಅಲ್ಲೇ ಬಂದು ಉಳಿಯಲಿ, ತಮ್ಮ ಹಳೆಯ ರೆಜಿಮೆಂಟಿನವರ ಜೊತೆ ಒಂದೇ ಮೇಜಿನಲ್ಲಿ ತಿಂಡಿ ತಿನ್ನಲಿ. ನಾನು ಮೊದಲ ಸದಸ್ಯಳಾಗಲು ಸಿದ್ಧ. ನನ್ನ ಪಿಂಚಣಿಯಿಂದ ಒಂದು ಕೋಣೆಯ ಪಾಲು ಕೊಡುತ್ತೇನೆ, ಇದನ್ನು ಪತ್ರಿಕೆಯಲ್ಲಿ ಬರೆದುಕೊಟ್ಟ ಮಾತೆಂದೇ ತಿಳಿಯಿರಿ.

ಲಂಡನ್‌ಗೆ ಹೋಗುವವರಿಗೆ ಎರಡು ಮಾತು. ಡಿಸ್ಚಾರ್ಜ್ ಬುಕ್ಕು, ಪಿಪಿಒ ಎಂಬ ಪಿಂಚಣಿ ಆದೇಶ ಪತ್ರ, ಮಾಜಿ ಸೈನಿಕರ ಗುರುತಿನ ಚೀಟಿ ಮೂರನ್ನೂ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ. ಸದಸ್ಯತ್ವಕ್ಕೆ ಮೊದಲು ಅರ್ಜಿ ಹಾಕಿ, ಆಮೇಲೆ ಕೋಣೆ, ಆಮೇಲೆ ವೀಸಾ. ಕೋಣೆ ಬೇಗ ತುಂಬುತ್ತದೆ, ಆದ್ದರಿಂದ ಮೂರು ನಾಲ್ಕು ತಿಂಗಳು ಮುಂಚೆಯೇ ಕೇಳಿ. ಚಪ್ಪಲಿ, ಚಡ್ಡಿಯಲ್ಲಿ ಊಟದ ಮನೆಗೆ ಬರಬೇಡಿ, ಕಾಲರ್ ಇರುವ ಅಂಗಿ, ಪ್ಯಾಂಟು, ಶೂ ಇದ್ದರೆ ಸಾಕು. ರೆಜಿಮೆಂಟಿನ ಬಿಲ್ಲೆ ಇದ್ದರೆ ಕೋಟಿಗೆ ಸಿಕ್ಕಿಸಿಕೊಳ್ಳಿ. ಅದನ್ನು ನೋಡಿ ಯಾರಾದರೂ ಮಾತಾಡಿಸುತ್ತಾರೆ. ಇಂಗ್ಲಿಷ್ ಬರುವುದಿಲ್ಲ ಎಂದು ಹಿಂಜರಿಯಬೇಡಿ, ನನ್ನ ತಮ್ಮ ಸೇತುವೆ ಕಟ್ಟಿದ್ದನ್ನು ಹೇಳಿದೆನಲ್ಲ.

ಹೋದ ವಾರ ನಮ್ಮ ಪಕ್ಕದ ಹಳ್ಳಿಯ ಒಬ್ಬ ನಿವೃತ್ತ ನಾಯಕ್ ಮನೆಗೆ ಬಂದಿದ್ದರು. ಮೊಣಕಾಲು ಆಪರೇಷನ್‌ಗೆ ಬೆಂಗಳೂರಿಗೆ ಬರೆದುಕೊಟ್ಟಿದ್ದಾರೆ. ಹಿಂದಿನ ದಿನವೇ ಬಂದು ರಕ್ತ ಪರೀಕ್ಷೆ ಮಾಡಿಸಬೇಕು, ಹೆಂಡತಿ ಜೊತೆಗೆ ಬರುತ್ತಾರೆ. ತಮ್ಮ ಅವರಿಗೆ ಲಂಡನ್‌ನ ಕೀಲಿ ಕಾರ್ಡ್, ಬ್ರಿಗೇಡಿಯರ್, ಸಕ್ಕರೆ ಪೊಟ್ಟಣದ ಸೇತುವೆ ಎಲ್ಲ ಹೇಳಿದ. ಅವರು ಪೂರ್ತಿ ಕೇಳಿದರು. ಕೇಳಿ, 'ಸರಿ ಕಣಪ್ಪ, ಬೆಂಗಳೂರಲ್ಲಿ ಎಲ್ಲಿ ಉಳಿಯೋದು ಹೇಳು' ಎಂದರು. ತಮ್ಮ ನನ್ನ ಮುಖ ನೋಡಿದ. ಮಲ್ಲೇಶ್ವರದಲ್ಲಿ ನನ್ನ ಸ್ನೇಹಿತೆಯೊಬ್ಬಳಿದ್ದಾಳೆ, ಅವಳಿಗೆ ಫೋನ್ ಮಾಡಿ ಅವರಿಗೆ ಎರಡು ರಾತ್ರಿಗೆ ಹೇಳಿದ್ದೇನೆ.

ಇಂತಿ,
ಮಿಲಿಟರಿ ನರ್ಸಿಂಗ್ ಸರ್ವಿಸ್‌ನ ನಿವೃತ್ತ ಲೆಫ್ಟಿನೆಂಟ್ ಕರ್ನಲ್,
ಅರಕಲಗೂಡು ತಾಲ್ಲೂಕು, ಹಾಸನ ಜಿಲ್ಲೆ